ಅಸಲು ಬೇರೆ, ಬಡ್ಡಿ ಬೇರೆ

ಚಕ್ರಬಡ್ಡಿಯು ಸಾಲಗಾರನಿಗೆ ಎಷ್ಟು ದುಃಖಪ್ರದವೋ ಗಣಿತಜ್ಞನಿಗೆ ಅಷ್ಟೇ ಆಹ್ಲಾದಕರವೆಂಬ ಮಾತನ್ನು, ಮಳೆಯನ್ನೇ ನೆಚ್ಚಿ ಬಿತ್ತುವವರ ನಿರ್ಣಾ ಎಂಬ ಊರಿನಲ್ಲಿ ಹುಟ್ಟಿ, ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವುದನ್ನು ವೃತ್ತಿಯಾಗಿ ಮಾಡಿಕೊಂಡ ನಾನು ತುಸು ಅಳುಕಿಯೇ ಆಡಬೇಕಾಗಿದೆ.

ನಮ್ಮೂರಿಗೆ ತೆಂಕಣದಲ್ಲಿರುವ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನನ್ನು ಕೊಂಡಾಡಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು, ಪಿಂಗಲನ ಛಂದಃಶಾಸ್ತ್ರದಲ್ಲಿಯೇ ಬೀಜರೂಪವಾಗಿದ್ದ ಉಪಾಯವೊಂದನ್ನು, ಚಕ್ರಬಡ್ಡಿಯು ಬೆಳೆಯುವ ರೀತಿಯದೇ ಆದ ಗುಣೋತ್ತರ ಶ್ರೇಢಿಗೆ ಅನ್ವಯಿಸಿದನು: ಘಾತಾಂಕವು ಸಮವಾದರೆ ಅರ್ಧಿಸಿ ಸೊನ್ನೆಯನ್ನೂ, ವಿಷಮವಾದರೆ ಒಂದನ್ನು ಕಳೆದು ಒಂದನ್ನೂ ಗುರುತಿಸುತ್ತ ಹೋಗಿ, ಬಳಿಕ ಕಡೆಯಿಂದ ಹಿಂದಿರುಗುತ್ತ ಸೊನ್ನೆಯಿದ್ದಲ್ಲಿ ವರ್ಗಿಸಬೇಕು, ಒಂದಿದ್ದಲ್ಲಿ ಗುಣಿಸಬೇಕು. ಹದಿಮೂರನೆಯ ಘಾತಕ್ಕೆ 12 ಗುಣಾಕಾರಗಳ ಬದಲು 5 ಸಾಕು. ಇಂದಿನ ಪೈಥಾನ್ ಭಾಷೆಯೂ ಪೂರ್ಣಾಂಕಗಳ ಘಾತಕ್ಕೆ ಹಿಡಿಯುವುದು ಈ ಜಾಡನ್ನೇ.

ಆದರೆ ಬಡ್ಡಿಯು ವರ್ಷಕ್ಕೊಮ್ಮೆಯಲ್ಲದೆ ಕ್ಷಣಕ್ಷಣವೂ ಅಸಲನ್ನು ಸೇರುವುದಾದರೆ ಘಾತಾಂಕವು ಪೂರ್ಣಾಂಕವಾಗಿ ಉಳಿಯದು. ಯಾಕೋಬ್ ಬರ್ನೂಲಿ ಹದಿನೇಳನೆಯ ಶತಮಾನದಲ್ಲಿ ಇದನ್ನೇ ವಿಚಾರಿಸುತ್ತ 2.71828 ಎಂದು ಮೊದಲಾಗುವ ಸಂಖ್ಯೆಯ ಹೊಸ್ತಿಲಿಗೆ ಬಂದನು. ಇದರ ಘಾತವನ್ನು ಕಟ್ಟುವ ಗಣಿತಭಂಡಾರಗಳಲ್ಲಿ, 1993ರಲ್ಲಿ ಸನ್ ಎಂಬ ಗಣಕಸಂಸ್ಥೆಯವರು ಹೊರತಂದುದು ನನಗೆ ಅತ್ಯಂತ ಪ್ರಿಯವಾದುದು. ಕೊಟ್ಟ ಘಾತಾಂಕದಿಂದ 0.693147 ಎಂಬ, ಎರಡರ ಲಘುಗಣಕದ ಅಪವರ್ತ್ಯವನ್ನು ಕಳೆದು, 0.3466ನ್ನು ಮೀರದ ಶೇಷಕ್ಕೆ ಮಾತ್ರ ಪುಟ್ಟ ಸೂತ್ರವೊಂದನ್ನು ಹಚ್ಚಿ, ಬಂದುದನ್ನು ಎರಡರ ಘಾತದಿಂದ ಹಿಗ್ಗಿಸುವುದು ಅದರ ಕ್ರಮ; ಕಳೆಯುವಾಗ ಅಂಕಿ ಸೋರದಿರಲೆಂದು ಆ ಲಘುಗಣಕವನ್ನೇ ಎರಡು ತುಂಡುಮಾಡಿ ಇಟ್ಟಿರುವ ಜಾಣ್ಮೆಗೆ ನಾನು ಇಂದಿಗೂ ತಲೆದೂಗುತ್ತೇನೆ. ದೋಷವು ಕಡೆಯ ಸ್ಥಾನದ ಒಂದು ಮಾನಕ್ಕಿಂತ ಕಡಿಮೆ.

ಇಷ್ಟಾಗಿಯೂ ಅಪಾಯವಿರುವುದು ದೊಡ್ಡ ಸಂಖ್ಯೆಯಲ್ಲಲ್ಲ, ಅಲ್ಪದಲ್ಲಿ. ಘಾತಾಂಕವು ಸಾವಿರ ಕೋಟಿಯಲ್ಲೊಂದಂಶವಾಗಿರುವಾಗ ಫಲವು ಒಂದರ ಮೇಲೆ ಅಷ್ಟೇ ಸೂಕ್ಷ್ಮವಾದ ಬಡ್ಡಿ. ಗಣಕಯಂತ್ರವು ಒಂದು ಸಂಖ್ಯೆಗೆ ಕೊಡುವ ಸುಮಾರು ಹದಿನಾರು ಅಂಕಿಗಳ ಎಡೆಯಲ್ಲಿ ಹತ್ತನ್ನು ಆ ಒಂದೂ ಅದರ ಹಿಂದಿನ ಸೊನ್ನೆಗಳೂ ಆಕ್ರಮಿಸಿಕೊಳ್ಳುವುದರಿಂದ, ಬಳಿಕ ಒಂದನ್ನು ಕಳೆದಾಗ ಉಳಿಯುವ ಬಡ್ಡಿಯಲ್ಲಿ, ದಶಮಾಂಶಸ್ಥಾನವನ್ನು ಬದಿಗಿಟ್ಟರೆ, 1.00000000005 ಎಂದಿರಬೇಕಾದ ಅಂಕಿಗಳು 1.0000000827 ಎಂದು ತೋರುತ್ತವೆ. ನಿಜಾಮರ ಹಾಲಿ ಸಿಕ್ಕಾ ನಾಣ್ಯದ ಕಾಲದಲ್ಲಿ ಸಾವುಕಾರರ ಕಿರ್ದಿ ಬರೆಯುತ್ತಿದ್ದ ನಮ್ಮ ಮುತ್ಯಾ, "ಅಸಲಿನ ಖಾನ್ಯಾಗ ಬಡ್ಡಿ ಬೆರಸಬ್ಯಾಡ ತಮ್ಮಾ, ಆಮ್ಯಾಲ ಪೈ ಎಲ್ಲಿ ಹೋತಂತ ಹುಡುಕಬೇಕಾಗ್ತದ" ಎನ್ನುತ್ತಿದ್ದರು. ಸಿ ಭಾಷೆಯ 1999ರ ಪ್ರಮಾಣಗ್ರಂಥವು ಅಂಗೀಕರಿಸಿದ ಎಕ್ಸ್‌ಪಿಎಮ್1 ಎಂಬ ಫಲನವು ಮಾಡುವುದೂ ಅದನ್ನೇ: ಅಸಲಿನ ಒಂದನ್ನು ಕೂಡಿಸದೆಯೇ ಬಡ್ಡಿಯನ್ನಷ್ಟೇ ನೇರವಾಗಿ ಎಣಿಸಿ ಕೊಡುತ್ತದೆ.

ಆದುದರಿಂದ ಲೆಕ್ಕದ ಕ್ರಮವಿಧಿ ಬರೆಯುವ ತರುಣರಲ್ಲಿ ನನ್ನದೊಂದು ವಿಜ್ಞಾಪನೆ: ಬರ್ನೂಲಿಯ ಆ ಸಂಖ್ಯೆಯ ಘಾತಫಲದಿಂದ ಒಂದನ್ನು ಕಳೆಯುವ ಸಾಲು ಎಲ್ಲಿಯಾದರೂ ಕಂಡರೆ ಅದನ್ನು ಅಳಿಸಿ ಈ ಫಲನವನ್ನು ಬರೆಯಿರಿ, ಸಿ, ಜಾವಾ, ಪೈಥಾನ್ ಮೂರರಲ್ಲಿಯೂ ಅದು ಸಿದ್ಧವಾಗಿಯೇ ಇದೆ.