ಎರಡು ಹೊಳೆಗಳ ನಡುವೆ ಎರಡು ನುಡಿಯ ಮುದಗಲ್

ಮುದಗಲ್ಲಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಕೋಟೆ. ಹೊಳೆ ಕಾಣಬೇಕೆಂದರೆ ಇನ್ನಷ್ಟು ದೂರ ಹೋಗಬೇಕು. ಆದರೂ ಆ ಕೋಟೆ ಅಲ್ಲಿ ಎದ್ದು ನಿಲ್ಲಲು ಹೊಳೆಗಳೇ ಕಾರಣ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಜೋಳ, ತೊಗರಿ, ಹತ್ತಿ ಬೆಳೆಯುವ ಎರೆಭೂಮಿ. ಚರಿತ್ರೆಯ ಪುಸ್ತಕಗಳು ರಾಯಚೂರು ದೋಆಬ ಎಂದು ಕರೆಯುವ ಈ ಸೀಮೆಗಾಗಿ ಎರಡು ಶತಮಾನಕ್ಕೂ ಹೆಚ್ಚು ಕಾಲ ದಂಡುಗಳು ಹೊಳೆ ದಾಟಿ ಬಂದವು, ಹೊಳೆ ದಾಟಿ ಹೋದವು. ಲಿಂಗಸುಗೂರಿನ ನೈಋತ್ಯಕ್ಕಿರುವ ಮುದಗಲ್ ಆ ಸೀಮೆಯ ಕೀಲಿಕೈ. ರಾಯಚೂರು ಕೋಟೆಯ ಜೊತೆಗೆ ಇದನ್ನೂ ಹಿಡಿದವನಿಗೆ ದೋಆಬ ದಕ್ಕುತ್ತಿತ್ತು.

ದಂಡುಗಳು ಹೋದವು, ಜನ ಉಳಿದರು. ಆ ಜನ ಇವತ್ತು ಕನ್ನಡ ಮತ್ತು ದಖನಿ ಉರ್ದು ಎಂಬ ಎರಡು ನುಡಿಗಳಲ್ಲಿ ಬಾಳುತ್ತಿದ್ದಾರೆ.

ಸಂತೆಯ ದಿನ ಇಲ್ಲಿನ ಬಜಾರದಲ್ಲಿ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟರೆ ಸಾಕು. ಹಳ್ಳಿಯಿಂದ ಬಂದ ಹೆಣ್ಣುಮಗಳು “ಎಷ್ಟಕ್ಕ ಕೊಡ್ತಿ, ಖರೇ ಹೇಳು” ಎಂದು ಕಾಯಿಪಲ್ಯದವನನ್ನು ಕೇಳುತ್ತಾಳೆ. ಅವನು ಹಿಂದೆ ಕುಳಿತ ಅಪ್ಪನ ಕಡೆ ತಿರುಗಿ “ಕಮ್ ಕರೋ ಬೋಲ್ಕೆ ಪೂಛ್ ರೈಂ” ಎಂದು ದಖನಿಯಲ್ಲಿ ಹೇಳಿ, ಮರುಕ್ಷಣವೇ ಅವಳಿಗೆ ಕನ್ನಡದಲ್ಲಿ ರೇಟು ಹೇಳುತ್ತಾನೆ. ಅವಳಿಗೂ ಆ ನಡುವಿನ ಮಾತು ಪೂರಾ ತಿಳಿದಿರುತ್ತದೆ. ಅನುವಾದ ಮಾಡುವವರು ಯಾರೂ ಇಲ್ಲ, ಬೇಕಾಗಿಯೂ ಇಲ್ಲ. ಮುಸಲ್ಮಾನರ ಮನೆಯ ಮಗು ಓಣಿಯಲ್ಲಿ ಕನ್ನಡ ಕಲಿಯುತ್ತದೆ, ಲಿಂಗಾಯತರ ಮನೆಯ ಮಗು ಅದೇ ಓಣಿಯಲ್ಲಿ ದಖನಿ ಕಲಿಯುತ್ತದೆ. ಎರಡೂ ನುಡಿಗಳು ಮುಖಾಮುಖಿ ಬದುಕಿ ಬದುಕಿ ಒಂದರ ಒಡಲು ಇನ್ನೊಂದಕ್ಕೆ ಬಂದಿದೆ. ದಖನಿಯ ವಾಕ್ಯ ಕಟ್ಟುವ ರೀತಿಯಲ್ಲಿ ದ್ರಾವಿಡ ನುಡಿಗಳ ಜಾಯಮಾನವನ್ನು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ಇತ್ತ ಈ ಭಾಗದ ಕನ್ನಡಕ್ಕೆ ಜಲ್ದಿ, ದವಾಖಾನಿ, ದುಕಾನು, ಬರೋಬ್ಬರಿ ಇಲ್ಲದೆ ಒಂದು ಹೊತ್ತೂ ಕಳೆಯುವುದಿಲ್ಲ.

ಈ ಹೊಂದಾಣಿಕೆ ಸುಲಭದ ಚರಿತ್ರೆಯಿಂದ ಬಂದದ್ದಲ್ಲ. ಮುದಗಲ್ಲಿನ ಮೇಲೆ ದೇವಗಿರಿಯ ಯಾದವರ ಆಳ್ವಿಕೆ ಇತ್ತು, ಆಮೇಲೆ ಓರುಗಲ್ಲಿನ ಕಾಕತೀಯರ ಗಡಿಠಾಣೆ ಇತ್ತು. 1336ರಲ್ಲಿ ವಿಜಯನಗರ, 1347ರಲ್ಲಿ ಕಲಬುರಗಿಯ ಬಹಮನಿ ರಾಜ್ಯ ಹುಟ್ಟಿದ ಮೇಲೆ ಊರು ಎರಡು ದೊಡ್ಡ ರಾಜ್ಯಗಳ ನಡುವಿನ ಅಂಚಾಯಿತು. ಬಿಜಾಪುರದ ಆಸ್ಥಾನದಲ್ಲಿ ಕುಳಿತು ಪಾರಸಿಯಲ್ಲಿ ಇತಿಹಾಸ ಬರೆದ ಫೆರಿಶ್ತಾನ ಪುಟಗಳಲ್ಲಿ ಮುದಗಲ್ ಮತ್ತೆ ಮತ್ತೆ ಬರುತ್ತದೆ. ಅವನು ಹೇಳುವ ಒಂದು ಪ್ರಸಂಗ ಹೀಗಿದೆ. ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಶಾ ತನ್ನ ಸಭೆಯಲ್ಲಿ ಹಾಡಿದ ಗಾಯಕರಿಗೆ ಕೊಡಬೇಕಾದ ಹಣವನ್ನು ವಿಜಯನಗರದ ಬೊಕ್ಕಸದ ಮೇಲೆ ಬರೆದುಕೊಟ್ಟ. ಆ ಕಾಗದ ತಂದ ದೂತನನ್ನು ಬುಕ್ಕರಾಯ ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿ ಕಳಿಸಿದ, ಹಿಂದೆಯೇ ದಂಡು ಕಟ್ಟಿಕೊಂಡು ತುಂಗಭದ್ರೆ ದಾಟಿ ಬಂದು 1366ರಲ್ಲಿ ಮುದಗಲ್ ಕೋಟೆಯನ್ನು ಹಿಡಿದ. ಕಾವಲು ಪಡೆಯಲ್ಲಿ ಸುದ್ದಿ ಹೇಳಲು ಉಳಿದವನು ಒಬ್ಬನೇ ಎನ್ನುತ್ತಾನೆ ಫೆರಿಶ್ತಾ. ಅದಕ್ಕೆ ಪ್ರತಿಯಾಗಿ ಸುಲ್ತಾನ ನಡೆಸಿದ ದಾಳಿಯಲ್ಲಿ ಸತ್ತವರ ಲೆಕ್ಕ ಇನ್ನೂ ಭೀಕರ.

ಫೆರಿಶ್ತಾನೇ ಬರೆದ ಇನ್ನೊಂದು ಕಥೆಯನ್ನು ಮುದಗಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. ಇಲ್ಲಿನ ಅಕ್ಕಸಾಲಿಗನೊಬ್ಬನಿಗೆ ಪರ್ತಾಲ್ ಎಂಬ ಮಗಳಿದ್ದಳು. ಚೆಲುವೆ, ಸಂಗೀತ ಬಲ್ಲವಳು. ಕಾಶಿಯಿಂದ ಮರಳುವ ದಾರಿಯಲ್ಲಿ ಅವಳ ಮನೆಯಲ್ಲಿ ತಂಗಿದ್ದ ಬ್ರಾಹ್ಮಣನೊಬ್ಬ ವಿಜಯನಗರದ ಒಂದನೇ ದೇವರಾಯನ ಮುಂದೆ ಅವಳನ್ನು ಹೊಗಳಿದ. ರಾಜ ಒಡವೆ ಕೊಟ್ಟು ಕಳಿಸಿದ, ಅವಳು ಒಲ್ಲೆ ಎಂದಳು. ಬಲವಂತವಾಗಿ ಕರೆತರಲು ಕುದುರೆ ದಂಡು ಬಂದಾಗ ಅವಳ ಮನೆಯವರು ಆಗಲೇ ಊರು ಬಿಟ್ಟಿದ್ದರು. ಈ ದಾಳಿಯನ್ನೇ ನೆಪ ಮಾಡಿಕೊಂಡು 1406ರಲ್ಲಿ ಫಿರೋಜ್ ಶಾ ಬಹಮನಿ ವಿಜಯನಗರದ ಮೇಲೆ ಏರಿಹೋದ. ಬಂಕಾಪುರವನ್ನು ಬಿಟ್ಟುಕೊಟ್ಟು, ಮಗಳನ್ನು ಸುಲ್ತಾನನಿಗೆ ಮದುವೆ ಮಾಡಿಕೊಟ್ಟು ದೇವರಾಯ ಸಂಧಿ ಮಾಡಿಕೊಂಡನೆಂದೂ ಪರ್ತಾಲ್ ಸುಲ್ತಾನನ ಮಗ ಹಸನ್ ಖಾನನ ಕೈ ಹಿಡಿದಳೆಂದೂ ಫೆರಿಶ್ತಾನ ಬರಹ. ಕಥೆಯಲ್ಲಿ ಎಷ್ಟು ನಿಜ, ಎಷ್ಟು ಬಣ್ಣ ಎಂಬ ಚರ್ಚೆ ಇದ್ದದ್ದೇ. ಒಲ್ಲೆ ಎಂದ ಹುಡುಗಿಯನ್ನು ಮಾತ್ರ ಊರು ಮರೆತಿಲ್ಲ.

1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ ಮೇಲೆ ಮುದಗಲ್ ಕೂಡ ವಿಜಯನಗರದ ಕೈಗೆ ಬಂತು. 1565ರ ರಕ್ಕಸತಂಗಡಿ ಯುದ್ಧದ ಬಳಿಕ ಬಿಜಾಪುರದ ಆದಿಲಶಾಹಿಗಳ ಪಾಲಾಯಿತು. 1686ರಲ್ಲಿ ಬಿಜಾಪುರವೇ ಔರಂಗಜೇಬನಿಗೆ ಸೋತಿತು, ಮುಂದಿನ ಶತಮಾನದಲ್ಲಿ ದೋಆಬ ಹೈದರಾಬಾದಿನ ನಿಜಾಮರಿಗೆ ಸೇರಿತು.

ಇಷ್ಟು ಕೈ ಬದಲಾದದ್ದನ್ನು ಕೋಟೆಯ ಕಲ್ಲುಗಳೇ ಹೇಳುತ್ತವೆ. ಸುತ್ತಲೂ ನೀರು ನಿಲ್ಲುವ ಕಂದಕ, ಕೆಲವು ಕಡೆ ಅದರ ಅಗಲ ಐವತ್ತು ಗಜದವರೆಗೆ ಇದೆ. ಅದರ ಹಿಂದೆ ಜೋಡಿ ಗೋಡೆ, ಬಲವಾದ ಬುರುಜುಗಳು. ಉತ್ತರಕ್ಕೆ ಮುಖ ಮಾಡಿದ ಫತೇ ದರ್ವಾಜಾ, ಅದನ್ನು ದಾಟಿದರೆ ಕಾಟಿ ದರ್ವಾಜಾ. ಕಾವಲುಗಾರರ ಕಟ್ಟೆಗಳಿಗೆ ಗುಡಿಯ ಕಂಬಗಳು, ಗೋಡೆಯ ನೆತ್ತಿಗೆ ಕಮಾನಿನ ತೆನೆಗಳು. ಒಂದು ಕಡೆ ಕನ್ನಡ ಶಾಸನ, ಇನ್ನೊಂದು ಕಡೆ ಆದಿಲಶಾಹಿ ಕಾಲದ ಪಾರಸಿ ಶಾಸನ. ಗೆದ್ದವರು ಹಳೆಯದನ್ನು ಕೆಡವದೆ ಅದರ ಮೇಲೆಯೇ ಕಟ್ಟುತ್ತ ಹೋದದ್ದರಿಂದ ಕೋಟೆಯಲ್ಲಿ ಎರಡೂ ಕೈಗಳ ಕೆಲಸ ಒಟ್ಟಿಗೆ ಉಳಿದಿದೆ. ಒಳಗಿನ ಗುಡ್ಡ ಹತ್ತಿದರೆ ಊರು, ಹೊಲ, ದೂರದ ಬಂಡೆಗುಡ್ಡಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಮಳೆಗಾಲ ಮುಗಿದ ಮೇಲಿನ ಬೆಳಿಗ್ಗೆ ಅದಕ್ಕೆ ಒಳ್ಳೆಯ ಹೊತ್ತು.

ಮುದಗಲ್ಲಿನಲ್ಲಿ ಮೂರನೆಯ ಬಳಗವೊಂದೂ ಇದೆ. ಹದಿನಾರನೆಯ ಶತಮಾನದಲ್ಲಿ ಗೋವೆಯ ಕಡೆಯಿಂದ ಜೆಸ್ಯೂಟ್ ಪಾದ್ರಿಗಳು ಇಲ್ಲಿಗೆ ಬಂದರು. ಇಲ್ಲಿನ ಕ್ಯಾಥೊಲಿಕ್ ಚರ್ಚು 1557ಕ್ಕೂ ಹಿಂದಿನದು ಎಂದು ಗೆಜೆಟಿಯರ್ ಬರೆಯುತ್ತದೆ. ಕರಾವಳಿಯಿಂದ ಇಷ್ಟು ಒಳಗೆ, ಇಷ್ಟು ಹಿಂದೆಯೇ ಕ್ರೈಸ್ತ ಬಳಗವೊಂದು ಬೇರು ಬಿಟ್ಟದ್ದು ದೊಡ್ಡ ಸಂಗತಿ.

ಇನ್ನು ಮೊಹರಂ. ಮುದಗಲ್ಲಿನ ಹೆಸರು ದೂರದೂರಿಗೆ ಹೋಗಿರುವುದೇ ಇದರಿಂದ. ಚಂದ್ರ ಕಂಡ ಮೇಲೆ ಗುದ್ದಲಿ ಹಾಕಿ ಅಲಾಯಿ ಕುಣಿ ತೋಡುತ್ತಾರೆ. ಹುಸೇನಿ ಆಲಂ ದರ್ಗಾದಲ್ಲಿ ಆಲಂ ಎಂಬ ಲಾಂಛನಗಳು ಕೂಡುತ್ತವೆ. ಊರಿನ ಬಾಯಲ್ಲಿ ಅವು ದೇವರು, ‘ಅಲಾಯಿ ದೇವರು’. ಹರಕೆ ಹೊತ್ತವರು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಹೀಗೆ ಫಕೀರರಾಗುವವರಲ್ಲಿ ಎಲ್ಲ ಜಾತಿಯ ಹಿಂದೂಗಳೂ ಇರುತ್ತಾರೆ. ಸಕ್ಕರೆ ಓದಿಸುವುದು, ಚೋಂಗೆ, ಮಾದಲಿ ಮಾಡುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಒಂಬತ್ತನೆಯ ದಿನದ ಕತ್ತಲ ರಾತ್ರಿ ಊರು ಮಲಗುವುದಿಲ್ಲ. ಹತ್ತನೆಯ ದಿನ ಆಲಂಗಳ ಭೇಟಿ ನೋಡಲು ಸುತ್ತಲ ಜಿಲ್ಲೆಗಳಿಂದ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರದಿಂದ ಜನ ಬಂದು ನೆರೆಯುತ್ತಾರೆ.

ಆ ದಿನಗಳಲ್ಲಿ ಹಾಡುವ ರಿವಾಯತ್ ಪದಗಳು ಕನ್ನಡದವು ಎಂಬುದನ್ನು ಹೊರಗಿನವರು ಗಮನಿಸಬೇಕು. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳುಗಾಡಿನಲ್ಲಿ ನೀರಿಲ್ಲದೆ, ಖಲೀಫ ಯಜೀದನ ಸೈನ್ಯದ ಎದುರು ಪ್ರವಾದಿಯವರ ಮೊಮ್ಮಗ ಹುಸೇನರು ಬಿದ್ದ ಕಥೆಯನ್ನು ಎರೆಸೀಮೆಯ ರೈತರು ತಮ್ಮ ಮನೆಯ ಸಾವಿನಂತೆ ಹಾಡುತ್ತಾರೆ. ಮೇಳದ ಮುಂದಾಳು ಒಂದು ನುಡಿ ಎತ್ತಿದರೆ ಹಿಮ್ಮೇಳ ಅದನ್ನು ಹಿಡಿಯುತ್ತದೆ. ಎರಡು ಮೇಳಗಳು ಎದುರಾದರೆ ಸವಾಲ್–ಜವಾಬ್ ಬೆಳಗಿನವರೆಗೆ ನಡೆಯುತ್ತದೆ. ಹುಸೇನರ ತಾಯಿ ಫಾತಿಮಾಳ ದುಃಖ ಇಲ್ಲಿ ಕನ್ನಡ ತಾಯಿಯ ದುಃಖ. ಬರಗಾಲ ಉಂಡ ಸೀಮೆಗೆ ನೀರಿಲ್ಲದೆ ಸತ್ತವರ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವಿದ್ವಾಂಸ ರಹಮತ್ ತರೀಕೆರೆ ಅವರು ‘ಕರ್ನಾಟಕದ ಮೊಹರಂ’ ಎಂಬ ಇಡೀ ಪುಸ್ತಕವನ್ನೇ ಈ ಪರಂಪರೆಗಾಗಿ ಬರೆದಿದ್ದಾರೆ. ಆದರೂ ಎಷ್ಟೋ ಪದಗಳು ಇನ್ನೂ ಮುಪ್ಪಿನ ಹಾಡುಗಾರರ ನಾಲಗೆಯ ಮೇಲಷ್ಟೇ ಇವೆ.

ಎರಡು ನುಡಿಯ ಈ ಬಾಳಿಗೆ ಪೆಟ್ಟು ಬಿದ್ದ ಕಾಲವೂ ಇತ್ತು. ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಕಚೇರಿ, ಕೋರ್ಟು, ಮೇಲಿನ ಶಾಲೆ ಎಲ್ಲವೂ ಉರ್ದುವಿನಲ್ಲಿದ್ದಾಗ ಕನ್ನಡ ಮಾತ್ರ ಬಲ್ಲ ರೈತ ತನ್ನ ಹೊಲದ ಕಾಗದವನ್ನೇ ಓದಲಾರದೆ ಹೋದ. ಬಜಾರದಲ್ಲಿ ಒಲವಿನಿಂದ ಬಂದ ನುಡಿ ಕಚೇರಿಯಲ್ಲಿ ಹೇರಿಕೆಯಾಗಿ ಬಂತು. ಆ ದಿನಗಳಲ್ಲಿ ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಶಾಲೆಗೆ ಹಮ್‌ದರ್ದ್ ಎಂದೇ ಹೆಸರಿಟ್ಟರು. ಉರ್ದುವಿನ ಮೇಲೆ ಹಗೆ ಇಲ್ಲದೆ ಕನ್ನಡ ನಾಡಿನ ಮಕ್ಕಳನ್ನು ಬೆಳೆಸಬಹುದೆಂದು ನಂಬಿದ್ದವರು ಅವರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು, 1956ರ ನವೆಂಬರ್ 1ರಂದು ರಾಯಚೂರು ಸೀಮೆ ಕನ್ನಡ ರಾಜ್ಯಕ್ಕೆ ಸೇರಿತು. ಕಚೇರಿಯ ಭಾಷೆ ಬದಲಾಯಿತು, ಓಣಿಯ ದಖನಿ ಓಣಿಯಲ್ಲೇ ಉಳಿಯಿತು.

ಈ ನೆಲ ಕನ್ನಡ ಸಾಹಿತ್ಯಕ್ಕೂ ಒಂದು ಹೊಸ ಬಗೆಯನ್ನು ಕೊಟ್ಟಿತು. ಕನ್ನಡದಲ್ಲಿ ಗಜಲ್ ಬೇರೂರಿದ್ದು ರಾಯಚೂರು ಜಿಲ್ಲೆಯ ಶಾಂತರಸರ ಕೈಯಲ್ಲಿ. ಉರ್ದುವಿನ ಛಂದಸ್ಸನ್ನು ಕಿವಿಯಿಂದ ಬಲ್ಲವರು ಅದನ್ನು ಕನ್ನಡಕ್ಕೆ ಇಳಿಸಿದ್ದರಿಂದ ಅದು ಎರವಲು ಎನಿಸಲಿಲ್ಲ. 2006ರಲ್ಲಿ ಬೀದರಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಅದೇ ದಾರಿಯಲ್ಲಿ ಗಜಲ್ ಬರೆದರು. ಲಿಂಗಸುಗೂರಿನ ಪ್ರಾಣೇಶದಾಸರು, ಮಾನ್ವಿಯ ಜಗನ್ನಾಥದಾಸರು ಹಾಡಿದ ಸೀಮೆಯಲ್ಲೇ ಗಜಲೂ ಹುಟ್ಟಿದ್ದು ಸಹಜವೇ.

ಕೋಟೆ ನೋಡಿ ಮುಗಿದ ಮೇಲೆ ಹೊಳೆಯ ಕಡೆ ಹೊರಡಬೇಕು. ಲಿಂಗಸುಗೂರು ತಾಲ್ಲೂಕಿನ ಉತ್ತರದಂಚಿನಲ್ಲಿ ಕೃಷ್ಣೆ ಬಂಡೆಗಳ ನಡುವೆ ಸೀಳಿ ಹರಿಯುತ್ತಾಳೆ. ದಖನ್ನಿನ ಎತ್ತರದಿಂದ ರಾಯಚೂರಿನ ಬಯಲಿಗೆ ಅವಳು ಇಳಿಯುವುದು ಈ ಭಾಗದಲ್ಲೇ, ಮೂರು ಮೈಲಿಯಲ್ಲಿ ನಾನೂರು ಅಡಿಯಷ್ಟು ಇಳಿಯುತ್ತಾಳೆಂದು ಹಳೆಯ ಗೆಜೆಟಿಯರ್ ಲೆಕ್ಕ ಕೊಡುತ್ತದೆ. ಹೊಳೆ ಕವಲೊಡೆದು ಸುತ್ತುವರಿದ ಗುಡ್ಡದ ಮೇಲೆ ಜಲದುರ್ಗದ ಕೋಟೆ ನಿಂತಿದೆ. ಬಿಜಾಪುರದ ಸುಲ್ತಾನರಿಗೆ ನೀರೇ ಇಲ್ಲಿ ಕಂದಕ. ಬುರುಜಿನ ಮೇಲೆ ನಿಂತರೆ ಕೆಳಗೆ ಆಳದಲ್ಲಿ ಹೊಳೆ, ಆಚೆ ಹಸಿರು ನಡುಗಡ್ಡೆಗಳು. ಆ ಚೆಲುವಿನ ಇನ್ನೊಂದು ಮಗ್ಗುಲನ್ನು ಅಲ್ಲಿನ ಜನ ಬಲ್ಲರು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ. ಹಂಚಿನಾಳ, ಯಳಗುಂದಿ, ಯರಗೋಡಿ, ಕಡದರಗಡ್ಡಿಯ ಕಡೆಯವರು ಊರಿಗೂ ದವಾಖಾನಿಗೂ ಸುತ್ತಿ ಬಳಸಿ ಹೋಗಬೇಕಾಗುತ್ತದೆ. ಪ್ರವಾಸ ಹೋಗುವವರು ಮಳೆಗಾಲದಲ್ಲಿ ಜಲಾಶಯದ ಸುದ್ದಿ ಕೇಳಿಕೊಂಡೇ ಹೊರಡಬೇಕು.

ದೋಆಬದ ದಕ್ಷಿಣ ಬದಿಯ ಕಥೆ ಬೇರೆ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ, ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರಿನ ಒಣನೆಲಕ್ಕೆ ಭತ್ತ ಬಂತು. ಭತ್ತದ ಬೇಸಾಯ ಬಲ್ಲ ಆಂಧ್ರದ ರೈತರು ಬಂದು ನೆಲೆಸಿದ ಊರುಗಳಿಗೆ ಇಂದಿಗೂ ಕ್ಯಾಂಪುಗಳೆಂದೇ ಹೆಸರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ನಿರಾಶ್ರಿತರಿಗೂ ಸಿಂಧನೂರಿನ ಹತ್ತಿರವೇ ಪುನರ್ವಸತಿ ಕ್ಯಾಂಪುಗಳಾದವು. ಅಲ್ಲಿನ ಮಗು ಮನೆಯಲ್ಲಿ ಬಂಗಾಲಿ, ಸಾಲಿಯಲ್ಲಿ ಕನ್ನಡ, ಬಜಾರದಲ್ಲಿ ತೆಲುಗು ಆಡುತ್ತದೆ.

ನಡುವೆ ಮಸ್ಕಿ ಇದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿನ ಬಂಡೆಯ ಮೇಲೆ ಕಂಡ ಬರಹದಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿತ್ತು. ಅದುವರೆಗೆ ದೇವಾನಾಂಪ್ರಿಯ ಎಂದಷ್ಟೇ ಶಾಸನಗಳಲ್ಲಿ ಕಾಣುತ್ತಿದ್ದ ದೊರೆ ಅಶೋಕನೇ ಎಂದು ಗಟ್ಟಿಯಾದದ್ದು ಮಸ್ಕಿಯಿಂದ. ಆ ಶಾಸನದ ಭಾಷೆ ಪ್ರಾಕೃತ. ಸುತ್ತಲ ಜನರ ಮನೆಮಾತಲ್ಲದ ನುಡಿಯೊಂದು ಈ ಸೀಮೆಯ ಬಂಡೆಯ ಮೇಲೆ ಬಂದು ಕೂತು ಎರಡು ಸಾವಿರದ ಇನ್ನೂರು ವರ್ಷ ದಾಟಿತು.

ಇಂಥ ಸೀಮೆಗೆ ಈಗ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಮುದಗಲ್ ಕೋಟೆಯ ಕಂದಕದ ಹೂಳು ತೆಗೆಯಬೇಕು, ಗೋಡೆ ಸೀಳುವ ಗಿಡಗಂಟಿ ಕೀಳಬೇಕು. ಅಲ್ಲಿನ ಕನ್ನಡ ಮತ್ತು ಪಾರಸಿ ಶಾಸನಗಳ ಸಾರವನ್ನು ಬಂದವರು ಓದುವಂತೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿ ನಿಲ್ಲಿಸಬೇಕು. ಊರಿನ ಶಾಲೆಗಳ ಮಕ್ಕಳು ಫೋನು ಹಿಡಿದುಕೊಂಡು ತಮ್ಮ ಓಣಿಯ ಹಿರಿಯರ ರಿವಾಯತ್ ಪದಗಳನ್ನು ಧ್ವನಿಮುದ್ರಿಸಲಿ, ಮೇಷ್ಟ್ರುಗಳು ಅದನ್ನು ಬರೆದಿಡಿಸಲಿ. ಬೆಂಗಳೂರು, ಮೈಸೂರಿನ ಓದುಗರು ಹಂಪಿಗೆ ಬಂದಾಗ ಇನ್ನೊಂದು ದಿನ ಕೈಯಲ್ಲಿಟ್ಟುಕೊಂಡು ಉತ್ತರಕ್ಕೆ ಬರಲಿ, ಸಾಧ್ಯವಾದರೆ ಮೊಹರಂ ಸಮಯದಲ್ಲೇ ಬರಲಿ. ಚಾಂದ್ರಮಾನದ ಲೆಕ್ಕದಲ್ಲಿ ಆ ಹಬ್ಬ ಪ್ರತಿ ವರ್ಷ ಹತ್ತು–ಹನ್ನೊಂದು ದಿನ ಮುಂಚೆ ಬರುತ್ತದೆ, ಆದ್ದರಿಂದ ತಾರೀಖು ವಿಚಾರಿಸಿಕೊಂಡೇ ಹೊರಡಿ.