ಡವ್ ಸ್ಟ್ರೀಟಿನ ಚಿತ್ರಮಂದಿರ

ಮನುಷ್ಯರಿಗೆ ಪೂರ್ವಜನ್ಮವುಂಟೋ ಇಲ್ಲವೋ ಎಂಬ ವಿಚಾರವನ್ನು ದಾರ್ಶನಿಕರಿಗೆ ಬಿಡೋಣ. ಕಟ್ಟಡಗಳಿಗಂತೂ ಅದು ಉಂಟೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವೇ ಇದೆ. ನಮ್ಮ ತಾಲ್ಲೂಕು ಕೇಂದ್ರಗಳ ಟಾಕೀಸುಗಳು ಒಂದೊಂದಾಗಿ ಕಲ್ಯಾಣಮಂಟಪಗಳಾಗಿ ಜನ್ಮಾಂತರ ಹೊಂದುತ್ತಿರುವುದನ್ನು ಕಂಡು ನಿಟ್ಟುಸಿರಿಟ್ಟಿದ್ದ ನನಗೆ, ಮಗಳ ಮನೆಯ ನೆವದಿಂದ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕೆಲಕಾಲ ನೆಲಸಿದ್ದಾಗ, ಈ ಕ್ರಮ ತಿರುವುಮುರುವಾದ ನಿದರ್ಶನವೊಂದು ಕಣ್ಣಿಗೆ ಬಿತ್ತು.

ಚಲಚ್ಚಿತ್ರದ ಮಟ್ಟಿಗೆ ಬ್ರಿಸ್ಟಲ್ ಕುಲೀನವಾದ ಊರೇ ಸರಿ: ಚಲಿಸುವ ಚಿತ್ರದ ಆದ್ಯ ಪ್ರಯೋಗಕಾರರಲ್ಲೊಬ್ಬನಾದ ವಿಲಿಯಂ ಫ್ರೀಸ್-ಗ್ರೀನ್ 1855ರಲ್ಲಿಯೂ, ಮುಂದೆ ಕ್ಯಾರಿ ಗ್ರಾಂಟ್ ಎಂಬ ಹೆಸರಿನಿಂದ ಜಗದ್ವಿಖ್ಯಾತನಾದ ಹುಡುಗ 1904ರಲ್ಲಿಯೂ ಹುಟ್ಟಿದ್ದು ಅಲ್ಲಿಯೇ. ಆದರೆ ಕಿಂಗ್ ಸ್ಕ್ವೇರ್ ಎಂಬ ಹಳೆಯ ಚೌಕದ ಬದಿಗೆ, ಡವ್ ಸ್ಟ್ರೀಟ್ ಸೌತ್ ಎಂಬ ಓಣಿಯಲ್ಲಿರುವ ‘ಕ್ಯೂಬ್’ ಎಂಬ ಪುಟ್ಟ ಚಿತ್ರಮಂದಿರಕ್ಕೆ ಆ ಕುಲೀನತೆಯ ಹಂಗಿಲ್ಲ. 1916ರಲ್ಲಿ ಕಿವುಡರ ಸಂಸ್ಥೆಗೆಂದು ಎದ್ದ ಆ ಮನೆ, 1964ರಲ್ಲಿ ಕಲಾಕೇಂದ್ರವೊಂದರ ನಾಟಕಶಾಲೆಯಾಗಿ, 1998ರಿಂದೀಚೆಗೆ ಸಂಬಳವನ್ನು ಬಯಸದ ಉತ್ಸಾಹಿಗಳ ಕೈಸೇರಿ, ಸಹಕಾರ ತತ್ತ್ವದ ಮೇಲೆ ನಡೆಯುತ್ತಿದೆ. ಟಿಕೆಟು ಕೊಟ್ಟವನೇ ಆಟ ಮುಗಿದ ಮೇಲೆ ಕಸಪೊರಕೆ ಹಿಡಿಯುವುದನ್ನು ನಾನು ಕಂಡೆ. ಪ್ರೊಜೆಕ್ಟರಿನ ಬಳಿ ನಿಂತಿದ್ದ ಹೆಂಗಸು ಹಗಲಿನಲ್ಲಿ ಎಲ್ಲಿಯೋ ಗುಮಾಸ್ತೆಯಂತೆ. ಕಟ್ಟಡ ಮಾರಾಟಕ್ಕೆ ಬಂದಾಗಲಂತೂ ಇಂಥವರೇ ಕೈಕೈ ಜೋಡಿಸಿ, 1,85,000 ಪೌಂಡುಗಳನ್ನು ಹೊಂದಿಸಿ, 2014ರಲ್ಲಿ ಅದನ್ನು ಸ್ವಂತವಾಗಿಸಿಕೊಂಡರು. ಅಲ್ಲಿ ಮಾರುವ ಕೋಲಾ ಕೂಡ ಸ್ವಯಂಪಾಕ. ಕಿತ್ತಳೆ, ನಿಂಬೆ ಮೊದಲಾದವುಗಳ ತೈಲವನ್ನು ಗೋಂದಿನಲ್ಲಿ ಕದಡಿ ಮಾಡುವ ಅದರ ವಿಧಾನವನ್ನು ಕೇಳಿದವರಿಗೆಲ್ಲ ಕೊಡುತ್ತಾರೆ. ನಾನೂ ಕುಡಿದೆ; ನಮ್ಮ ಗೋಲಿ ಸೋಡದ ಮುಂದೆ ಅದರ ಪ್ರತಾಪ ಅಷ್ಟಕ್ಕಷ್ಟೆ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ 1916 ಎಂಬ ಇಸವಿ. ಆಗ ಚಿತ್ರಗಳೆಲ್ಲ ಮೂಕಿಯಾಗಿದ್ದುವು. ಚಾಪ್ಲಿನ್ನನ ‘ದಿ ಪಾನ್‌ಶಾಪ್’ ತೆರೆಕಂಡ ವರ್ಷವದು. ಕಿವಿಯುಳ್ಳವನೂ ಕಿವಿಯಿಲ್ಲದವನೂ ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಕ್ಷಣದಲ್ಲಿ ನಗಬಹುದಾಗಿದ್ದ ಅಪೂರ್ವ ಕಾಲ! ಗ್ರಾನ್‌ವಿಲ್ ರೆಡ್ಮಂಡ್ ಎಂಬ ಕಿವುಡ ಚಿತ್ರಕಾರನಿಗೆ ಚಾಪ್ಲಿನ್ ತನ್ನ ಸ್ಟುಡಿಯೋದಲ್ಲಿಯೇ ಕೆಲಸಕ್ಕೆ ಎಡೆಗೊಟ್ಟು, ಚಿತ್ರಗಳಲ್ಲಿ ಪಾತ್ರಗಳನ್ನೂ ಕೊಟ್ಟಿದ್ದನು. 1927ರಲ್ಲಿ ‘ದಿ ಜಾಝ್ ಸಿಂಗರ್’ ಬಂದು ತೆರೆ ಮಾತಾಡತೊಡಗಿದ್ದೇ ತಡ, ಜಗತ್ತೆಲ್ಲ ಹರ್ಷೋದ್ಗಾರ ಮಾಡುತ್ತಿರುವಾಗ, ಚಿತ್ರಮಂದಿರದ ಬಾಗಿಲು ಒಂದು ಸಮುದಾಯದ ಪಾಲಿಗೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಮೂಕಿಯ ಕಾಲದಲ್ಲಿ ನಟಿಸಿದ್ದ ಎಮರ್ಸನ್ ರೊಮೆರೊ ಎಂಬ ಕಿವುಡ ನಟ, ಇಪ್ಪತ್ತು ವರ್ಷಗಳ ತರುವಾಯ, ಹಳೆಯ ರೀಲುಗಳನ್ನು ಕತ್ತರಿಸಿ ನಡುನಡುವೆ ಬರಹದ ಚೌಕಟ್ಟುಗಳನ್ನು ಅಂಟಿಸಿ, ತನ್ನವರಿಗೆ ತೋರಿಸಲು ಹೆಣಗಿದನು.

ನನ್ನ ಸೋದರತ್ತೆಯವರು ಹುಟ್ಟಿದ್ದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದ 1934ರ ಆಸುಪಾಸಿನಲ್ಲಿ. ಎಳವೆಯಲ್ಲಿಯೇ ವಿಷಮಜ್ವರದಿಂದ ಕಿವಿ ಕಳೆದುಕೊಂಡ ಅವರ ಪಾಲಿಗೆ ಕನ್ನಡ ಚಿತ್ರಗಳೆಲ್ಲವೂ ಮೂಕಿಯೇ. ಆದರೂ ಊರ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಬಿತ್ತೆಂದರೆ, ಹೊಸ ಚಿತ್ರದ ಮೊದಲಾಟಕ್ಕೆ ಹೆಂಗಸರ ನೆಲದಲ್ಲಿ ಮುಂದಿನ ಸಾಲಿನ ಜಾಗ ಅವರದೇ. ಮರುದಿನ ಒಲೆಯ ಮುಂದೆ ಕುಳಿತು ಊದುಗೊಳವೆಯನ್ನೇ ಗದೆಯಾಗಿ ಹಿಡಿದು, ಹುಬ್ಬೊಂದನ್ನು ಮೇಲೇರಿಸಿ ಖಳನನ್ನೂ, ಸೆರಗನ್ನು ಕಚ್ಚಿ ನಾಯಕಿಯನ್ನೂ, ಕತ್ತನ್ನು ಓರೆಮಾಡಿ ಹಾಸ್ಯನಟ ನರಸಿಂಹರಾಜುವನ್ನೂ ಅವರು ತೋರಿಸುತ್ತಿದ್ದ ಬಗೆಯಲ್ಲಿ, ಸಂಭಾಷಣೆಗಳನ್ನೆಲ್ಲ ಕೇಳಿಸಿಕೊಂಡಿದ್ದ ನಮಗೆ ತಪ್ಪಿಹೋಗಿದ್ದ ಎಷ್ಟೋ ಸೂಕ್ಷ್ಮಗಳಿರುತ್ತಿದ್ದುವು. ಕತೆಯಂತೂ ಅನೇಕ ವೇಳೆ ಬೇರೆಯೇ ಆಗಿರುತ್ತಿತ್ತು. ಅವರ ಕತೆ ಮೂಲಕ್ಕಿಂತ ಮೇಲೆಂದು ನನ್ನ ಅಭಿಪ್ರಾಯ. ಆದರೆ ನಾವೆಲ್ಲ ನಕ್ಕು ಸುಸ್ತಾದ ಮಾತಿನ ಹಾಸ್ಯಕ್ಕೆ ಮಾತ್ರ ಅವರು ಸುಮ್ಮನೆ ನಮ್ಮ ಮುಖಗಳನ್ನೇ ನೋಡುತ್ತಿದ್ದರು. “ಏನಂದನೋ, ಮಗು?” ಎಂದು ಕೇಳುವರು, ಬಿಡಿಸಿ ಹೇಳುವಷ್ಟು ತಾಳ್ಮೆ ಯಾರಿಗಿತ್ತು?

ಕಿವುಡರಿಗಾಗಿ ಕಟ್ಟಿದ ಮನೆಯಲ್ಲಿ ಕುಳಿತು ಚಿತ್ರ ನೋಡುತ್ತಿರುವಾಗ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದಿನದು ಪರದೇಶದ ಚಿತ್ರ. ಅಡಿಬರಹವಿದ್ದುದರಿಂದ, ಆ ಭಾಷೆಯ ಗಂಧವಿಲ್ಲದ ನಾನೂ ಪ್ರತಿಯೊಂದು ಮಾತನ್ನೂ ಅನುಭವಿಸಿದೆ. ಪರಭಾಷಿಕರಿಗೆಂದು ಕನ್ನಡ ಚಿತ್ರಗಳಿಗೆ ಇಂಗ್ಲಿಷ್ ಅಡಿಬರಹ ಹಾಕಿಸುವ ನಿರ್ಮಾಪಕ ಮಹಾಶಯರು, ಕಿವಿ ಕೇಳಿಸದ ಕನ್ನಡಿಗರಿಗೆಂದು ಕನ್ನಡದಲ್ಲಿಯೂ ಅದನ್ನು ಹಾಕಿಸಬಾರದೇಕೆ? ಕೇಂದ್ರ ಸರ್ಕಾರ 2024ರಲ್ಲಿಯೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಚಿತ್ರ ತೆಗೆಯಲು ತಗಲುವ ಹಣದ ಮುಂದೆ ಈ ಖರ್ಚು ಲೆಕ್ಕಕ್ಕೇ ಬಾರದು, ದಯಮಾಡಿ ಹಾಕಿಸಿರಿ.