ಬೊಕ್ಕೆ ಎದ್ದ ಮರ

ಕ್ವಿಬೆಕ್ ನಗರ
ಜೂನ್ 14

ಪ್ರೀತಿಯ ಶಾರದಾ,

ನಮ್ಮ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮುಚ್ಚಳ ಕಚ್ಚಿಕೊಂಡು ಕೂತಿರುತ್ತಿದ್ದ ಕೆನಡಾ ಬಾಲ್ಸಮ್ ಬಾಟಲಿ ನೆನಪಿದೆಯಾ? ಜಿರಲೆಯ ಬಾಯಿಭಾಗಗಳನ್ನು ಸ್ಲೈಡಿಗೆ ಕೂರಿಸಲು ಒಂದು ಹನಿ ಬೇಕೆಂದರೆ ಅದನ್ನು ಬಿಸಿನೀರಿನಲ್ಲಿಟ್ಟು ಓಲೈಸಬೇಕಿತ್ತು. ಗಾಜಿನಷ್ಟೇ ಬೆಳಕನ್ನು ಬಾಗಿಸುವುದರಿಂದ ಗಾಜಿನ ನಡುವೆ ಅದು ಕಾಣುವುದೇ ಇಲ್ಲ ಎಂದು ವರ್ಷವರ್ಷವೂ ಪಾಠ ಹೇಳಿದೆವು. ಯಾವ ಮರದ್ದು ಅಂತ ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನೆ ಆ ಮರವನ್ನೇ ಮುಟ್ಟಿ ಬಂದೆ.

ಮಗಳ ಪಕ್ಕದ ಮನೆಯ ಅಜ್ಜಿಗೆ ಊರಿನಾಚೆ ಸ್ವಂತದ್ದೊಂದು ತುಂಡು ಕಾಡಿದೆ, ನಮ್ಮ ಕಡೆ ಅಡಿಕೆ ತೋಟ ಇರುವ ಹಾಗೆ. ಅಲ್ಲಿರುವುದು ಬಾಲ್ಸಮ್ ಫರ್; ಫ್ರೆಂಚ್ ಮಾತಾಡುವ ಇವರಿಗೆ ‘ಸಪ್ಯಾಂ’. ಪಕ್ಕದಲ್ಲೇ ಸ್ಪ್ರೂಸ್, ನನ್ನ ಕಣ್ಣಿಗೆ ಎರಡೂ ಒಂದೇ. ಎಲೆಯನ್ನು ಬೆರಳ ನಡುವೆ ಹೊಸೆದು ನೋಡು ಅಂದರು. ಸ್ಪ್ರೂಸಿನದು ಉರುಳಿತು. ಫರ್‌ನದು ಚಪ್ಪಟೆ, ಉರುಳಲಿಲ್ಲ. ಅಡಿಯಲ್ಲಿ ಎರಡು ಬಿಳಿ ಗೆರೆ. ಎಳೆಮರದ ನುಣುಪು ತೊಗಟೆಯ ತುಂಬ ಬೊಕ್ಕೆ, ಸಿಡುಬು ಎದ್ದ ಮೈಯ ಹಾಗೆ. ಅಜ್ಜಿ ಒಂದನ್ನು ಉಗುರಿನಿಂದ ಒಡೆದರು. ಜೇನಿಗಿಂತ ತಿಳಿಯಾದ ರಾಳ ಜಿನುಗಿತು. ಕರ್ಪೂರಕ್ಕೆ ನಿಂಬೆಸಿಪ್ಪೆ ಸೇರಿಸಿದಂಥ ಘಮ.

ಅವರ ಬಾಲ್ಯದಲ್ಲಿ ಕೊಡಲಿ ತಾಗಿದ ಗಾಯಕ್ಕೂ ಸುಟ್ಟ ಕೈಗೂ ಇದೇ ಮದ್ದಂತೆ, ಕೆಮ್ಮಿಗೆ ಸಕ್ಕರೆಯಲ್ಲಿ ಒಂದು ಹನಿ. ಅಲ್ಗೊಂಕ್ವಿನ್, ಓಜಿಬ್ವೆ, ಮಿಕ್‌ಮಾಕ್ ಜನ ಬಿಳಿಯರು ಬರುವ ಮೊದಲೇ ಅರಿತಿದ್ದ ವಿದ್ಯೆ. ಮರಕ್ಕೂ ರಾಳದ ಕೆಲಸ ಅದೇ ತಾನೆ: ತೊಗಟೆ ಸೀಳಿದರೆ ಹರಿದು, ಗಟ್ಟಿಯಾಗಿ, ಹುಳು-ಬೂಷ್ಟು ನುಗ್ಗದಂತೆ ಬಾಯಿ ಮುಚ್ಚುತ್ತದೆ. ಎಲ್ಲರ ಚರ್ಮಕ್ಕೂ ಒಗ್ಗುವುದಿಲ್ಲ ಅನ್ನು, ಕೆಲವರಿಗೆ ತುರಿಕೆ ಬರುತ್ತದೆ.

ಈ ಊರಿನದೇ ಒಂದು ಕಥೆ ಕೇಳು. 1535-36ರ ಚಳಿಗಾಲದಲ್ಲಿ ಇಲ್ಲಿ ಹಿಮಕ್ಕೆ ಸಿಕ್ಕಿಬಿದ್ದ ಫ್ರೆಂಚ್ ನಾವಿಕ ಜಾಕ್ ಕಾರ್ತಿಯೆಯ 110 ಜನರಲ್ಲಿ 25 ಮಂದಿ ಸ್ಕರ್ವಿಗೆ ಸತ್ತರು. ಉಳಿದವರನ್ನು ಬದುಕಿಸಿದ್ದು ದೊಮಗಾಯ ಎಂಬ ಸ್ಥಳೀಯ ತೋರಿಸಿಕೊಟ್ಟ ‘ಅನೆದ್ದಾ’ ಮರದ ಎಲೆ-ತೊಗಟೆಯ ಕಷಾಯ. ಅದು ಬಿಳಿ ಸೀಡರ್ ಅನ್ನುವವರೇ ಹೆಚ್ಚು, ಫರ್ ಅನ್ನುವವರೂ ಇದ್ದಾರೆ. ಅಜ್ಜಿಗಂತೂ ಅನುಮಾನವೇ ಇಲ್ಲ, ಸಪ್ಯಾಂ! ವಸಂತ ಬಂದೊಡನೆ ಕಾರ್ತಿಯೆ ಆ ದೊಮಗಾಯನನ್ನೇ ಹಿಡಿದು ಫ್ರಾನ್ಸಿಗೆ ಒಯ್ದ. ವೈದ್ಯನಿಗೆ ಕೊಟ್ಟ ಫೀಸು ಅದು.

ಅಮ್ಮ ಕೆಮ್ಮಿಗೆ ಜೇನಿನಲ್ಲಿ ಕಲಸಿ ನೆಕ್ಕಿಸುತ್ತಿದ್ದ ತಾಲೀಸಾದಿ ಚೂರ್ಣವನ್ನು ನೆನೆದೆ. ಅದರ ತಾಲೀಸಪತ್ರವೂ ಹಿಮಾಲಯದ ಫರ್ ಎಲೆಯೇ. ಅದನ್ನು ಹೇಳಿದಾಗ ಅಜ್ಜಿ ‘ನೋಡಿದೆಯಾ’ ಅನ್ನುವಂತೆ ತಲೆಯಾಡಿಸಿದರು.

ಬೆರಳಿನ ಅಂಟು ಸೋಪಿಗೆ ಬಗ್ಗಲಿಲ್ಲ. ಕೊನೆಗೆ ಊರಿಂದ ತಂದ ಕೊಬ್ಬರಿ ಎಣ್ಣೆ ತಿಕ್ಕಿದೆ, ಬಿಟ್ಟಿತು, ಮುಕ್ಕಾಲು ಪಾಲು. ಈ ಕಾಗದದ ಮೂಲೆಯಲ್ಲಿ ಹೊಳೆಯುವ ಕಲೆ ಕಂಡರೆ ಚಹಾ ಚೆಲ್ಲಿದೆ ಅಂದುಕೊಳ್ಳಬೇಡ. ಮೂಸಿ ನೋಡು.

ನಿನ್ನ,
ಸುಮಿತ್ರಾ